ಕೌದಿ ಕಟ್ಟಿದ ಕೋಣೆ, ಒಂದೇ ಮೈಕು

ಪ್ರಶ್ನೆ: ನಮ್ಮದು ನಾಲ್ಕು ಜನರ ಗುಂಪು. ಗಿಟಾರ್, ಹಾರ್ಮೋನಿಯಂ, ದಪ್ಪು, ಹಾಡೋಕೆ ನಮ್ಮಕ್ಕ. ಎರಡು ಜನಪದ ಹಾಡು, ಎರಡು ನಾವೇ ಕಟ್ಟಿದ ಹಾಡು ರೆಕಾರ್ಡ್ ಮಾಡಿದೆವು. ಅವರವರ ಮನೆಯಲ್ಲೇ ಕಿವಿಗೆ ಕ್ಲಿಕ್ (ತಾಳ ಹಿಡಿಯೋಕೆ ಬರುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ನುಡಿಸಿ, ಆಮೇಲೆ ಜೋಡಿಸಿದ್ದು. ತಾಳ ತಪ್ಪಿಲ್ಲ, ಶ್ರುತಿ ತಪ್ಪಿಲ್ಲ. ಆದರೂ ಕೇಳೋಕೆ ಸಪ್ಪೆ. ದುಬಾರಿ ಮೈಕ್ ಕೊಳ್ಳಬೇಕಾ? (ಓದುಗರೊಬ್ಬರು, ಹಾವೇರಿ)

ಉತ್ತರ: ಬೇಡ. ಆ ದುಡ್ಡು ಹಾಗೇ ಇರಲಿ. ನಾಲ್ವರೂ ಒಂದೇ ಕೋಣೆಯಲ್ಲಿ ಕೂತು ಹಾಡಿ.

ಬೀಸೋ ಪದ ಹಾಡಿದವರು ಯಾವ ಕ್ಲಿಕ್ ಕೇಳಿದ್ದರು? ಕೈ ದಣಿದರೆ ಕಲ್ಲು ನಿಧಾನ, ಕಲ್ಲಿನ ಜೊತೆ ಪದವೂ ನಿಧಾನ. ಅಕ್ಕ ಸೊಲ್ಲು ತಿರುಗಿಸುವಾಗ ಒಂದು ಉಸಿರು ಜಾಸ್ತಿ ನಿಂತರೆ, ದಪ್ಪಿನವನು ಅವರ ಮುಖ ನೋಡಿ ಕಾಯಬೇಕು. ಬೇರೆ ಮನೆಯಲ್ಲಿ ಕೂತವನು ಯಾರ ಮುಖ ನೋಡ್ತಾನೆ?

ಇರುವ ಒಂದು ಮೈಕು ಸಾಕು. ಅದರ ಮುಖ ಅಕ್ಕನ ಕಡೆ, ಒಂದೂವರೆ ಅಡಿ ದೂರ. ಗಿಟಾರ್ ಪಕ್ಕದಲ್ಲಿ, ಮೂರಡಿ. ಹಾರ್ಮೋನಿಯಂ ಇನ್ನೂ ಆಚೆ. ದಪ್ಪು ಮೈಕಿನ ಬೆನ್ನ ಹಿಂದೆ, ಏಳೆಂಟು ಅಡಿಯಾದರೂ ಬೇಕು. ಒಂದು ಸಲ ಹಾಡಿ ಕೇಳಿ. ಗಿಟಾರ್ ಜಾಸ್ತಿ ಅನಿಸಿದರೆ ಗುಂಡಿ ತಿರುಗಿಸಬೇಡಿ, ಅವನನ್ನೇ ಅರ್ಧ ಅಡಿ ಹಿಂದಕ್ಕೆ ಸರಿಸಿ. ದನಿಯ ಮಟ್ಟ ತೋರಿಸುವ ರೆಕಾರ್ಡಿಂಗ್ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಆಡುತ್ತಿದ್ದರೆ ಸಾಕು, ಕೆಂಪು ಮುಟ್ಟಬಾರದು. ಕೌದಿ ಇದ್ದರೆ ಅಕ್ಕನ ಬೆನ್ನ ಹಿಂದಿನ ಗೋಡೆಗೆ ಎರಡು ಪದರ ಕಟ್ಟಿ. ಮೈಕ್ ನೋಡುತ್ತಿರುವುದು ಆ ಗೋಡೆಯನ್ನೇ ಅಲ್ವಾ, ಅಲ್ಲಿಂದ ಮರಳುವ ದನಿಯೇ ಹಾಡನ್ನು ಬಚ್ಚಲುಮನೆ ಮಾಡೋದು. ಫ್ಯಾನ್ ಆರಿಸಿ, ಬೆವರಿದರೆ ಬೆವರಲಿ.

ಹಾರ್ಮೋನಿಯಂ ರೀಡನ್ನು ಅಲ್ಲೇ ಶ್ರುತಿ ಮಾಡೋಕಾಗಲ್ಲ. ಹಾಗಾಗಿ ಟ್ಯೂನರ್ ಆ್ಯಪ್ ಬದಿಗಿಟ್ಟು, ಗಿಟಾರನ್ನು ಪೆಟ್ಟಿಗೆಯ ಸ್ವರಕ್ಕೇ ಹೊಂದಿಸಿ.

ನಮ್ಮದೊಂದು ಫಜೀತಿ ಹೇಳಿಬಿಡ್ತೀನಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಾವೂ ಹೀಗೇ ಕೂತಿದ್ದೆವು. ತೊಗಲು ಮೆತ್ತಗಾಗಿತ್ತು. ಗ್ಯಾಸ್ ಒಲೆಗೆ ದಪ್ಪು ಹಿಡಿದು ಕಾಯಿಸಿದೆವು. ಮೊದಲ ಟೇಕಿನಲ್ಲಿ ಠಣ್ ಠಣ್ ಅಂತಿತ್ತು, ಐದನೆಯದರ ಹೊತ್ತಿಗೆ ಬದಬದ. ನಾನು ಜಾಣ ನೋಡಿ, ಮೊದಲ ಟೇಕಿನ ಪಲ್ಲವಿಗೆ ಐದನೇ ಟೇಕಿನ ನುಡಿ ಅಂಟಿಸಿದೆ. ಹಾಡಿನ ನಡುವೆ ಯಾರೋ ದಪ್ಪು ಕಸಿದುಕೊಂಡು ಮೂಟೆ ಕೊಟ್ಟ ಹಾಗೆ ಕೇಳಿಸಿತು. ಎಲ್ಲ ಮತ್ತೆ ಹಾಡಬೇಕಾಯಿತು. ಪ್ರತಿ ಟೇಕಿಗೂ ಮುಂಚೆ ಕಾಯಿಸಿ.

ಪ್ರಶ್ನೆ: ಶರೀಫರ ತತ್ವಪದ ಹಾಡಿ ಹಾಕೋಕೆ ಯಾರ ಒಪ್ಪಿಗೆಯಾದರೂ ಬೇಕಾ? (ಇನ್ನೊಬ್ಬ ಓದುಗರು, ಶಿಗ್ಗಾಂವಿ)

ಉತ್ತರ: ಪದಕ್ಕೆ ಬೇಡ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ನಮ್ಮ ಕಾನೂನಿನಲ್ಲಿ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ. ಆದರೆ ನಿಮ್ಮ ಕಿವಿಯಲ್ಲಿರುವ ಧಾಟಿ ಯಾರದ್ದು? ಕ್ಯಾಸೆಟ್ಟಿನಲ್ಲಿ ಕೇಳಿದ್ದು ಸಿ. ಅಶ್ವತ್ಥ್ ಅವರ ಸಂಯೋಜನೆ ಆಗಿದ್ದರೆ, ಅದರ ಹಕ್ಕು ಬೇರೆ. ಅವರು ಹೋಗಿದ್ದು 2009ರಲ್ಲಿ. ನೀವು ಗಿಟಾರಿನಲ್ಲಿ ನುಡಿಸಿದ ಮಾತ್ರಕ್ಕೆ ಧಾಟಿ ನಿಮ್ಮದಾಗಲ್ಲ, ಒಪ್ಪಿಗೆ ಕೇಳಬೇಕು. ಬೇಂದ್ರೆಯವರ ಕವಿತೆಯಾದರೆ ಸಾಲುಗಳಿಗೇ ಒಪ್ಪಿಗೆ ಬೇಕು. 1981ರಲ್ಲಿ ತೀರಿಕೊಂಡರು, 2041ರ ಕೊನೆಯವರೆಗೂ ಹಕ್ಕಿದೆ.

ನಿಮ್ಮದು ಶರೀಫರ ಸೀಮೆ. ಭಜನೆಯವರು ಅಜ್ಜನ ಕಾಲದಿಂದ ಹಾಡುತ್ತಿರುವ ಧಾಟಿ ನಿಮ್ಮೂರಲ್ಲಿ ಇದ್ದೇ ಇರುತ್ತೆ. ಒಂದು ಸಂಜೆ ಹೋಗಿ ಅವರ ಜೊತೆ ಕೂತು ಕಲಿಯಿರಿ. ಕಲಿಸಿದವರ ಹೆಸರು ಹಾಡಿನ ಕೆಳಗೆ ಹಾಕಿ. ಬರೀ ‘ಜನಪದ’ ಅಂತ ಬರೆದು ಕೈತೊಳೆದುಕೊಳ್ಳೋರನ್ನ ಕಂಡರೆ ನನಗೆ ಸಿಟ್ಟು.

ಪ್ರಶ್ನೆ: ಸಾಲು ನನ್ನದು, ಧಾಟಿ ಗೆಳೆಯನದು. ಹಾಡು ಯಾರದ್ದು? (ಹೆಸರು ಬೇಡ ಎಂದವರು)

ಉತ್ತರ: ಸಾಲು ನಿಮ್ಮದು, ಧಾಟಿ ಅವನದು. ದುಡ್ಡು ಬಂದರೆ ಹೇಗೆ ಹಂಚೋದು ಅಂತ ಹಾಡು ಹೊರಗೆ ಹೋಗುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಈಗ ಚಹಾ ಕುಡೀತಾ ಬರೆಯಬಹುದು.