ಗೇಟ್ ಅಂದ್ರೆ ಬೀದಿ, ಬಾರ್ ಅಂದ್ರೆ ಬಾಗಿಲು

ಪ್ರಶ್ನೆ: ಮಗ ಇಂಗ್ಲೆಂಡಿನ ಲೀಡ್ಸಲ್ಲಿ ಕೆಲ್ಸದಲ್ಲಿದಾನೆ, ಜೂನಲ್ಲಿ ನಾವಿಬ್ರೂ ಹೋಗ್ತಿದೀವಿ. ಒಂದು ಶನಿವಾರ ಭಾನುವಾರ ನೀವಿಬ್ರೇ ಯಾರ್ಕ್ ನೋಡ್ಕೊಂಡ್ ಬನ್ನಿ ಅಂತ ರೂಮ್ ಬುಕ್ ಮಾಡಿ, ಜೊತೆಗೆ ಹದಿನಾಲ್ಕು ಜಾಗದ ಲಿಸ್ಟೂ ವಾಟ್ಸಾಪ್ ಮಾಡಿದಾನೆ. ನಮ್ಮೆಜಮಾನ್ರಿಗೆ ಮಂಡಿನೋವು, ಆದ್ರೆ ರೈಲು ಅಂದ್ರೆ ಪ್ರಾಣ. ನನಗೆ ಸುಮ್ನೆ ಕೂತು ಜನರನ್ನ ನೋಡೋದಿಷ್ಟ. ಮೊಟ್ಟೆನೂ ತಿನ್ನಲ್ಲ ನಾವು. ಏನು ನೋಡೋದು, ಏನು ಬಿಡೋದು?
– ಓದುಗರು, ರಾಜಾಜಿನಗರ

ಉತ್ತರ: ಹದಿನಾಲ್ಕರಲ್ಲಿ ಹತ್ತು ಬಿಡಿ ಮೇಡಂ, ಮಗನಿಗೆ ಹೇಳೋಕ್ ಹೋಗ್ಬೇಡಿ ಅಷ್ಟೆ. ನಾನೂ ನನ್ ಹೆಂಡ್ತೀನೂ ಹೋದಾಗ ಮೊದಲನೇ ದಿನ ಲಿಸ್ಟ್ ಹಿಡ್ಕೊಂಡು ಓಡಾಡಿ ಸಂಜೆ ಹೊತ್ತಿಗೆ ಇಬ್ರೂ ಮಾತು ಬಿಟ್ಟಿದ್ವಿ, ಎರಡನೇ ದಿನ ಲಿಸ್ಟ್ ಬ್ಯಾಗಲ್ಲೇ ಇಟ್ವಿ, ಈಗ ನೆನಪಿರೋದೆಲ್ಲ ಆ ಎರಡನೇ ದಿನದ್ದೇ.

ಲೀಡ್ಸಿಂದ ರೈಲಲ್ಲಿ ಹೆಚ್ಚುಕಮ್ಮಿ ಅರ್ಧ ಗಂಟೆ. ಸ್ಟೇಷನ್ ಹಿಂದೇನೇ ನ್ಯಾಷನಲ್ ರೈಲ್ವೆ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ, ನಿಮ್ಮನೆಯವ್ರನ್ನ ಅಲ್ಲಿ ಬಿಟ್ರೆ ಮಧ್ಯಾಹ್ನದವರೆಗೂ ಚಿಂತೆ ಇಲ್ಲ. ಮ್ಯಾಲರ್ಡ್ ಅನ್ನೋ ನೀಲಿ ಉಗಿಬಂಡಿ ಅಲ್ಲೇ ನಿಂತಿದೆ, 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ಓಡಿ ಮಾಡಿದ ದಾಖಲೆನ ಇನ್ಯಾವ ಉಗಿಬಂಡಿನೂ ಮುರಿದಿಲ್ಲ. ಜಪಾನಿನ ಹಳೇ ಬುಲೆಟ್ ಟ್ರೈನ್ ಒಂದೂ ಇದೆ, ಒಳಗೆ ಹತ್ತಿ ಕೂರಬಹುದು, ಮಂಡಿಗೂ ರೆಸ್ಟ್.

ಇನ್ನು ಊರು. ಮ್ಯಾಪ್ ನೋಡಿದ್ರೆ ತಲೆ ಕೆಡುತ್ತೆ, ಯಾಕಂದ್ರೆ ಅಲ್ಲಿ ಗೇಟ್ ಅಂದ್ರೆ ಬೀದಿ, ಬಾರ್ ಅಂದ್ರೆ ಕೋಟೆ ಬಾಗಿಲು. 866ರಲ್ಲಿ ವೈಕಿಂಗರು ಬಂದು ಊರು ಹಿಡ್ಕೊಂಡ್ರಲ್ಲ, ಬೀದಿಗೆ ಅವರ ಭಾಷೇಲಿದ್ದ ಪದಾನೇ ಗೇಟ್ ಆಗಿ ಉಳ್ಕೊಂಡಿದೆ. ಮಿಕಲ್‌ಗೇಟ್ ಅಂದ್ರೆ ದೊಡ್ಡ ಬೀದಿ, ನಮ್ಮ ಅವೆನ್ಯೂ ರೋಡಿಗೆ ಹಿಂದೆ ದೊಡ್ಡಪೇಟೆ ಅಂತಿದ್ರಲ್ಲ, ಹಂಗೇ. ಮಿಕಲ್‌ಗೇಟ್ ಬಾರ್ ಅಂತ ನೋಡಿ ನಿಮ್ಮೆಜಮಾನ್ರು ಖುಷಿಪಟ್ರೆ ಹೇಳ್ಬಿಡಿ, ಅಲ್ಲಿ ಸಿಗ್ತಿದ್ದಿದ್ದು ಎಣ್ಣೆ ಅಲ್ಲ, ರಾಜದ್ರೋಹಿಗಳ ತಲೆ ಕಡಿದು ಮೇಲೆ ಸಿಕ್ಕಿಸ್ತಿದ್ರು.

ಕೋಟೆ ಗೋಡೆ ಸುಮಾರು 3.4 ಕಿಲೋಮೀಟರ್, ಮೇಲೇ ನಡೀಬಹುದು, ದುಡ್ಡಿಲ್ಲ. ಪೂರ್ತಿ ಸುತ್ತಬೇಡಿ. ಬೂಥಮ್ ಬಾರಿಂದ ಮಂಕ್ ಬಾರ್‌ವರೆಗಿನ ತುಂಡು ಸಾಕು, ಮಿನ್‌ಸ್ಟರ್ ಅನ್ನೋ ಆ ದೊಡ್ಡ ಚರ್ಚಿನ ಬೆನ್ನು, ಕೆಳಗೆ ಹಿತ್ತಲ ತೋಟಗಳು, ಎಲ್ಲಾ ಅಲ್ಲಿಂದ ಕಾಣುತ್ತೆ. ಹತ್ತೋ ಮೆಟ್ಲು ಕಡಿದು, ಇಳಿಯೋವಾಗ ಹುಷಾರು, ಒಳಗಡೆ ಬದೀಲಿ ಕೆಲವು ಕಡೆ ಕಂಬಿನೂ ಇಲ್ಲ. ಈ ಗೋಡೇನೂ 1800ರಲ್ಲಿ ಅಲ್ಲಿನ ಕಾರ್ಪೊರೇಷನ್‌ನೋರು ಕೆಡವೋಕೆ ಹೊರಟಿದ್ರು, ಜನ ಗಲಾಟೆ ಮಾಡಿದ್ದಕ್ಕೆ ಬಹುಪಾಲು ಉಳೀತು. ನನಗಂತೂ ಕೆ.ಆರ್. ಮಾರ್ಕೆಟ್ ಪಕ್ಕ ನಮ್ಮ ಕೋಟೆದು ಉಳಿದಿರೋ ಆ ಒಂದು ಬಾಗಿಲೇ ಕಣ್ಮುಂದೆ ಬಂತು, ಹೊಟ್ಟೆ ಉರೀತು.

ಶ್ಯಾಂಬಲ್ಸ್ ಅನ್ನೋ ಬೀದಿ ಬೆಳಗ್ಗೆ ಎಂಟಕ್ಕೇ ನೋಡ್ಬಿಡಿ, ಹನ್ನೊಂದರ ಮೇಲೆ ದೀಪಾವಳಿ ಹಿಂದಿನ ದಿನದ ಚಿಕ್ಕಪೇಟೆ ಆಗಿರುತ್ತೆ. ಮೊದಲು ಕಸಾಯಿಗಳ ಬೀದಿ ಅದು. ಮಾಳಿಗೆಗಳು ಎರಡೂ ಕಡೆಯಿಂದ ಮುಂದಕ್ಕೆ ಬಾಗಿ ಬಾಗಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತೆ. ಕೆಲವು ಅಂಗಡಿ ಮುಂದೆ ಮಾಂಸ ನೇತಾಕ್ತಿದ್ದ ಕೊಕ್ಕೆಗಳು ಈಗ್ಲೂ ಇವೆ, ಕೆಳಗೆ ಫ್ರಿಜ್ ಮ್ಯಾಗ್ನೆಟ್ ಮಾರ್ತಿರ್ತಾರೆ.

ಮಿನ್‌ಸ್ಟರ್ ಒಳಗೆ ಹೋಗಕ್ಕೆ ಟಿಕೆಟ್ ದುಬಾರಿ, ಆದ್ರೆ ಸಂಜೆ ಪ್ರಾರ್ಥನೆಗೆ ಕೂರೋರಿಗೆ ಫ್ರೀ. ಸುತ್ತಾಡಿ ನೋಡಕ್ಕಾಗಲ್ಲ, ಕೂತು ಕೇಳಬೇಕು, ನಿಮಗೆ ಬೇಕಿರೋದೂ ಅದೇ ತಾನೆ. ಪೂರ್ವದ ದೊಡ್ಡ ಕಿಟಕಿ ಟೆನಿಸ್ ಕೋರ್ಟಿನಷ್ಟಿದೆ, 1408ರಲ್ಲಿ ಮುಗಿಸಿದ ಬಣ್ಣದ ಗಾಜು, ಅದನ್ನ ಸರಿಯಾಗಿ ನೋಡ್ಲೇಬೇಕು ಅಂದ್ರೆ ಮಾತ್ರ ಟಿಕೆಟ್ ತಗೊಳ್ಳಿ. ಹೊರಗೆ ಕಾನ್‌ಸ್ಟಂಟೈನ್ ಮೂರ್ತಿ ಕಾಲು ಚಾಚಿ ಕೂತಿದೆ, 306ರಲ್ಲಿ ಸೈನಿಕರು ಅವನನ್ನ ರೋಮಿನ ಚಕ್ರವರ್ತಿ ಅಂತ ಕೂಗಿದ್ದು ಈ ಊರಲ್ಲೇ. ಅದರ ಹತ್ರ ಕೂತ್ಕೊಂಡು ಜನರನ್ನ ನೋಡಿ, ನನ್ ಹೆಂಡ್ತಿ ಒಂದು ಗಂಟೆ ಎದ್ದಿಲ್ಲ.

ಊಟದ್ದೇ ಸ್ವಲ್ಪ ಕಷ್ಟ. ಯಾರ್ಕ್‌ಶೈರ್ ಪುಡ್ಡಿಂಗ್ ಅಂದ್ರೆ ಸ್ವೀಟ್ ಅನ್ಕೊಂಡು ಆರ್ಡರ್ ಮಾಡ್ಬೇಡಿ, ಅದು ಮೊಟ್ಟೆ ಹಾಲು ಮೈದಾ ಕಲಸಿ ಓವನ್ನಲ್ಲಿ ಉಬ್ಬಿಸಿದ್ದು, ಎಷ್ಟೋ ಕಡೆ ದನದ ಕೊಬ್ಬು ಬೇರೆ. ಟೀ ಜೊತೆ ಕೊಡೋ ಸ್ಕೋನ್ ಅನ್ನೋ ಬನ್ನಿಗೂ ಮೇಲೆ ಮೊಟ್ಟೆ ಸವರಿರ್ತಾರೆ, ಕೇಳಿ ತಗೊಳ್ಳಿ. ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ ಮಧ್ಯ ಸೀಳಿ ಬೆಣ್ಣೆ, ಬೀನ್ಸ್ ಹಾಕಿ ಕೊಡ್ತಾರಲ್ಲ, ಜಾಕೆಟ್ ಪೊಟೇಟೊ, ಅದು ನಮ್ಮ ಪಾಲಿನ ದೇವ್ರು. ಚಟ್ನಿಪುಡಿ ಉದುರಿಸ್ಕೊಂಡ್ರೆ ಇನ್ನೂ ಚೆನ್ನಾಗಿರುತ್ತೆ. ಮೊಮ್ಮಕ್ಕಳಿದ್ರೆ ಕಿಟ್‌ಕ್ಯಾಟ್ ತಗೊಳ್ಳಿ, 1935ರಲ್ಲಿ ಬೇರೆ ಹೆಸರಲ್ಲಿ ಅದು ಹುಟ್ಟಿದ್ದೂ ಯಾರ್ಕಲ್ಲೇ.

ಜೂನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತೆ, ಆದ್ರೆ ಅಂಗಡಿಗಳು ಐದೂವರೆಗೆಲ್ಲ ಬಾಗಿಲು ಹಾಕ್ತವೆ, ಊರು ಖಾಲಿ ಆಗುತ್ತೆ, ಊಸ್ ನದಿ ದಡಕ್ಕೆ ಆವಾಗ ಹೋಗಿ. ಛತ್ರಿ ನಂಬ್ಕೋಬೇಡಿ, ನಮ್ಮದು ಲೆಂಡಲ್ ಸೇತುವೆ ಮೇಲೆ ಗಾಳಿಗೆ ಉಲ್ಟಾ ಹೊಡ್ಕೊಂಡು ಕಡ್ಡಿ ಮುರೀತು. ಟೋಪಿ ಇರೋ ಜರ್ಕಿನ್ ತಗೊಂಡೋಗಿ.