ಅವನಿಗೆ ಅದು ಮರೆಯಲಾಗದ ಟ್ರಿಪ್, ನನಗೆ ನೆನಪಾದರೆ ಸಂಕಟ

ಪ್ರಶ್ನೆ: ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಊರು ತೀರ್ಥಹಳ್ಳಿ. ಪಿಯುಸಿಯಿಂದ ಜೊತೆಗಿರುವ ಗೆಳೆಯನೊಬ್ಬ ಊರಲ್ಲೇ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಎಷ್ಟೋ ವರ್ಷ ಕರೆದ ಮೇಲೆ ಈ ಜೂನ್‌ನಲ್ಲಿ ಬಂದ. ನಾನು ರಜೆ ಹಾಕಿ, ನನ್ನ ಕಾರಿನಲ್ಲಿ ಕಾಟ್ಸ್‌ವೋಲ್ಡ್ಸ್ ಸೀಮೆಯ ಹಳ್ಳಿಗಳು, ಅಲ್ಲಿಂದ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳು ಎಂದು ಪ್ಲಾನ್ ಮಾಡಿದ್ದೆ. ಎಲ್ಲ ಕೆಟ್ಟಿತು. ಬಿಡದೆ ಮಳೆ. ಕಾಟ್ಸ್‌ವೋಲ್ಡ್ಸ್‌ನ ಬೈಬರಿ ಎಂಬ ಹಳ್ಳಿಯ ಹಳೇ ಮನೆಗಳನ್ನು ತೋರಿಸಿದರೆ "ಇಷ್ಟೇನಾ?" ಎಂದ. ಕಾಫಿ ಕುಡಿದಾಗಲೆಲ್ಲ ಪೌಂಡನ್ನು ರೂಪಾಯಿಗೆ ಗುಣಿಸಿ ಹೇಳುತ್ತಿದ್ದ. ಬೆಟ್ಟ ನೋಡಿ "ನಮ್ಮ ಕುದುರೆಮುಖದ ಹಾಗೇ ಇದೆ ಮಾರಾಯ" ಎಂದ. ಹಾರ್ಡ್‌ನಾಟ್ ಘಾಟಿಯ ರೋಮನ್ ಕೋಟೆಯಲ್ಲಿ ನಿಂತು, ಅಲ್ಲಿದ್ದ ಸೈನಿಕರ ಬಗ್ಗೆ ನಾನು ಓದಿ ಹೇಳಿದಾಗ "ಪಾಪ, ಇವ್ರೂ ನಿನ್ನ ಹಾಗೇ ಅಲ್ವೇನೋ" ಎಂದ. ವಾಪಸ್ ಬರುವಾಗ ಕಿರಿದಾದ ಇಳಿಜಾರಿನಲ್ಲಿ ಎದುರು ಕಾರು ಬಂತು. ರಿವರ್ಸ್ ತೆಗೆಯುವಾಗ ನನ್ನ ಕಾರಿನ ಎಡಬದಿ ಕಲ್ಲುಗೋಡೆಗೆ ಉಜ್ಜಿತು. "ನಮ್ಮ ಆಗುಂಬೆ ಬಸ್ ಡ್ರೈವರ್ ಆಗಿದ್ರೆ ಕಣ್ಮುಚ್ಚಿ ತೆಗೀತಿದ್ದ" ಎಂದು ನಕ್ಕ. ನನಗೆ ತಡೆಯಲಿಲ್ಲ. "ನಿನ್ನನ್ನ ಕರ್ಕೊಂಡು ಬಂದಿದ್ದೇ ತಪ್ಪು" ಎಂದು ಕೂಗಿಬಿಟ್ಟೆ. ಒಂದು ದಿನ ಮೊದಲೇ ಮನೆಗೆ ಹೊರಟೆವು, ದಾರಿಯಲ್ಲಿ ಮಾತಿಲ್ಲ. ಈಗ ಅವನು ನಮ್ಮ ಕಾಲೇಜು ಗೆಳೆಯರ ಗುಂಪಿನಲ್ಲಿ "ಜನ್ಮದಲ್ಲಿ ಮರೆಯಲ್ಲ ಈ ಟ್ರಿಪ್" ಎಂದು ವಾಯ್ಸ್ ಮೆಸೇಜ್ ಹಾಕುತ್ತಾನೆ, ಗೋಡೆಯ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾನೆ. ನಾನು ಕೂಗಿದ್ದನ್ನು ಮಾತ್ರ ಇನ್ನೂ ಹೇಳಿಲ್ಲ, ಯಾವಾಗ ಹೇಳುತ್ತಾನೋ ಗೊತ್ತಿಲ್ಲ. ರಿಪೇರಿಗೆ ಆರುನೂರು ಪೌಂಡ್ ನಾನೇ ಕೊಟ್ಟೆ. ನೋ ಕ್ಲೇಮ್ ಬೋನಸ್ ಹೋಗುತ್ತದೆ ಎಂದು ವಿಮೆ ಕೇಳಲಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇನೆ. "ನಮ್ಮನೇಲೇ ಇರ್ಬೇಕು" ಎಂದು ಹಟ ಹಿಡಿದಿದ್ದಾನೆ. ನನಗೆ ಮನಸ್ಸಿಲ್ಲ. ಅರ್ಧ ಹಣ ಕೇಳಲಾ? ಆ ಕಥೆ ನಿಲ್ಲಿಸು ಅನ್ನಲಾ? ಅವನ ಮನೆಗೆ ಹೋಗಲಾ, ಬೇಡವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗಿ. ಅವರ ಮನೆಯಲ್ಲೇ ಇರಿ. ಆದರೆ ಅದಕ್ಕೂ ಮುಂಚೆ ಒಂದು ಫೋನ್ ಮಾಡಬೇಕು, ಆ ಫೋನ್ ಮಾಡದೆ ಹೋದರೆ ಇಬ್ಬರಿಗೂ ಮುಜುಗರ.

ಟ್ರಿಪ್ ಕೆಟ್ಟಿದ್ದು ನಿಜ. ಅದನ್ನು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಮಳೆಗೂ ನೀವೇ ಹೊಣೆ ಅನ್ನುವ ಧಾಟಿ ಇದೆ. ಲೇಕ್ ಡಿಸ್ಟ್ರಿಕ್ಟ್‌ನ ಸೀಥ್ವೇಟ್ ಎಂಬ ಪುಟ್ಟ ಜಾಗ, ಇಂಗ್ಲೆಂಡಿನಲ್ಲಿ ಜನ ವಾಸವಿರುವ ಕಡೆಗಳಲ್ಲೇ ಅತಿ ಜಾಸ್ತಿ ಮಳೆ ಬೀಳುವ ಜಾಗ. ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ. ನೀವು ಸುತ್ತಿದ್ದು ಅದೇ ಬೆಟ್ಟಗಳ ಸಾಲಿನಲ್ಲಿ. ಅಲ್ಲಿ ಮಳೆ ಬಂದರೆ ಅದು ನಿಮ್ಮ ಪ್ಲಾನ್ ಸೋತಂತೆ ಅಲ್ಲ. ಅದೂ ಅಲ್ಲದೆ ನಿಮ್ಮ ಗೆಳೆಯ ಬಂದಿದ್ದು ಆಗುಂಬೆಯ ಪಕ್ಕದಿಂದ. ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ ನೋಡುವ ಸೀಮೆಯವರು ಮಳೆಗೆ ಬೇಜಾರು ಮಾಡಿಕೊಂಡಿರುತ್ತಾರೆ ಎಂದು ನನಗೆ ಅನಿಸುವುದಿಲ್ಲ. ಬೇಜಾರಾಗಿದ್ದು ನಿಮಗೆ.

ಇನ್ನೊಂದು ವಿಷಯ, ಇದನ್ನು ನೀವು ಗಮನಿಸಿದ ಹಾಗೆ ಕಾಣುವುದಿಲ್ಲ. ಅವರು ಬಂದಿದ್ದು ಜೂನ್‌ನಲ್ಲಿ. ಮಲೆನಾಡಿನಲ್ಲಿ ಅಡಿಕೆ ತೋಟ ಇರುವವರಿಗೆ ಜೂನ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಮುಂಗಾರು ಶುರುವಾಗುತ್ತದೆ, ಕೊಳೆರೋಗದ ಭಯ ಇರುತ್ತದೆ, ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡುವು ಕೊಟ್ಟ ದಿನವೇ ಅಡಿಕೆ ಗೊನೆಗೆ ಮದ್ದು ಹೊಡೆಯುವವರು ಸಿಗಬೇಕು. ಆ ಹೊತ್ತಿನಲ್ಲಿ ತೋಟ ಬೇರೆಯವರ ಕೈಗೆ ಬಿಟ್ಟು ಅವರು ವಿಮಾನ ಹತ್ತಿದ್ದಾರೆ, ಯಾಕೆಂದರೆ ನಿಮಗೆ ರಜೆ ಸಿಕ್ಕಿದ್ದು ಆಗ, ಮತ್ತೆ ಇಂಗ್ಲೆಂಡಿನಲ್ಲಿ ಬೇಸಿಗೆ ಇರುವುದು ಆಗ. ಇದನ್ನು ಅವರು ನಿಮಗೆ ಹೇಳಿಯೂ ಇರಲಿಕ್ಕಿಲ್ಲ. ನೀವು ಕೇಳಿದಿರಾ?

ಈಗ ಅವರ ಮಾತುಗಳಿಗೆ ಬರೋಣ.

"ಇಷ್ಟೇನಾ?" ಬೈಬರಿಯ ಆರ್ಲಿಂಗ್ಟನ್ ರೋ ಮುಂದೆ ನಿಂತು ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆ ಅದು. ಒಂದು ಸಾಲು ಕಲ್ಲಿನ ಮನೆ, ಅಷ್ಟೇ ತಾನೇ? ಮುಂದೆ ಫೋಟೋ ತೆಗೆಯುವವರ ಗುಂಪು ಬೇರೆ. ಆದರೆ ಆ ಪ್ರಶ್ನೆಗೆ ಒಳ್ಳೆಯ ಉತ್ತರ ಇತ್ತು. ಅದು 1380ರ ಸುಮಾರಿಗೆ ಉಣ್ಣೆ ಇಡಲು ಕಟ್ಟಿದ ಕಟ್ಟಡ, 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಆ ಸೀಮೆಯೆಲ್ಲ ಒಂದು ಕಾಲದಲ್ಲಿ ಕುರಿ ಉಣ್ಣೆಯ ದುಡ್ಡಿನಿಂದ ಎದ್ದು ನಿಂತಿದ್ದು. ಸಣ್ಣ ಸಣ್ಣ ಊರಲ್ಲಿ ಅಷ್ಟು ದೊಡ್ಡ ಚರ್ಚುಗಳಿರುವುದು ಅದಕ್ಕೇ. ಒಂದೇ ಒಂದು ಮಾಲಿನಿಂದ ಊರಿಗೆ ಊರೇ ಶ್ರೀಮಂತವಾಗುವುದು, ಅದರ ವ್ಯಾಪಾರ ಕುಗ್ಗಿದಾಗ ಊರೂ ಕುಗ್ಗುವುದು, ಇದು ಅಡಿಕೆ ರೇಟನ್ನು ದಿನಾ ನೋಡುವ ಮನುಷ್ಯನಿಗೆ ಎಷ್ಟು ಹತ್ತಿರದ ಕಥೆ! ಅದನ್ನು ಹೇಳಿದ್ದರೆ ಅಲ್ಲೇ ಅರ್ಧ ದಿನ ಕೂತು ಮಾತಾಡುತ್ತಿದ್ದಿರೇನೋ. ನೀವು ಮುಖ ಚಿಕ್ಕದು ಮಾಡಿಕೊಂಡು ಕಾರಿನ ಕಡೆ ನಡೆದಿರಿ ಎಂದು ನನ್ನ ಊಹೆ.

ಕಾಫಿಯ ಲೆಕ್ಕ ಬಿಟ್ಟುಬಿಡಿ. ಪೌಂಡಿಗೆ ನೂರು ರೂಪಾಯಿಗೂ ಮೇಲೆ ಇರುವಾಗ ಮೊದಲ ಸಲ ಬಂದವರು ಗುಣಿಸದೆ ಇರಲು ಆಗುವುದಿಲ್ಲ. ಹೊಸದಾಗಿ ಹೋದಾಗ ನೀವೂ ಗುಣಿಸಿರುತ್ತೀರಿ.

ಕುದುರೆಮುಖದ ಮಾತು. ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳಲ್ಲಿ ಮರಗಳಿಲ್ಲದೆ ಹುಲ್ಲೇ ಹುಲ್ಲು ಇರುವುದಕ್ಕೆ ಕಾರಣ ಶತಮಾನಗಳಿಂದ ಕಾಡು ಕಡಿದು ಕುರಿ ಮೇಯಿಸಿದ್ದು. ಹರ್ಡ್‌ವಿಕ್ ಎಂಬ ಅಲ್ಲಿನದೇ ತಳಿಯ ಕುರಿಗಳು ಈಗಲೂ ಮಳೆ ಚಳಿಯಲ್ಲಿ ಬೆಟ್ಟದ ಮೇಲೇ ಇರುತ್ತವೆ. 2017ರಲ್ಲಿ ಯುನೆಸ್ಕೋ ಲೇಕ್ ಡಿಸ್ಟ್ರಿಕ್ಟನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಜನ ಮತ್ತು ಕುರಿ ಸೇರಿ ರೂಪಿಸಿದ ನೆಲ ಎಂದೇ. ನಮ್ಮ ಕುದುರೆಮುಖದ ಹುಲ್ಲುಬೆಟ್ಟಗಳ ಹುಟ್ಟು ಬೇರೆ. ಆದರೆ ದೂರದಿಂದ ಕಣ್ಣಿಗೆ ಎರಡೂ ಒಂದೇ ಥರ, ಮಂಜು ಬಂದಾಗಂತೂ ಇನ್ನೂ ಜಾಸ್ತಿ. ಅವರು ನೋಡಿದ್ದನ್ನೇ ಹೇಳಿದರು. ಮತ್ತೆ ತೀರ್ಥಹಳ್ಳಿಯವರು ಒಂದು ಜಾಗವನ್ನು ಕುದುರೆಮುಖಕ್ಕೆ ಹೋಲಿಸಿದರೆ ಅದು ಹೊಗಳಿಕೆ. ಅದು ನಿಮಗೆ ಯಾಕೆ ಚುಚ್ಚಿತು?

ನನ್ನ ಪ್ರಕಾರ ಅದಕ್ಕೆ ಉತ್ತರ ಹಾರ್ಡ್‌ನಾಟ್ ಕೋಟೆಯಲ್ಲಿದೆ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 120ರಿಂದ 138ರ ನಡುವೆ ಕಟ್ಟಿದ ಕೋಟೆ ಅದು. ಕಾವಲಿಗಿದ್ದವರು ಡಾಲ್ಮೇಷಿಯಾದ ತುಕಡಿ, ಅಂದರೆ ಇವತ್ತಿನ ಕ್ರೊಯೇಷಿಯಾ ಕಡೆಯ ಬೆಚ್ಚನೆಯ ಕಡಲತೀರದವರು. ಅವರನ್ನು ತಂದು ಆ ಗಾಳಿ, ಆ ಮಳೆ, ಆ ಬೋಳು ಗುಡ್ಡದ ಮೇಲೆ ನಿಲ್ಲಿಸಿದ್ದರು. ಇದನ್ನು ನೀವೇ ಓದಿ ಹೇಳಿದಿರಿ, ಅವರು "ಪಾಪ, ಇವ್ರೂ ನಿನ್ನ ಹಾಗೇ ಅಲ್ವೇನೋ" ಎಂದರು. ನಿಮಗೆ ಅದು ಹೇಗೆ ಕೇಳಿಸಿತು ಅಂದರೆ, "ಇದಕ್ಕಾ ನೀನು ಊರು ಬಿಟ್ಟು ಬಂದಿದ್ದು?" ಅವರು "ಇಷ್ಟೇನಾ?" ಎಂದಾಗಲೂ ನಿಮಗೆ ಕೇಳಿಸಿದ್ದು ಅದೇ, "ನಮ್ಮ ಹಾಗೇ ಇದೆ" ಎಂದಾಗಲೂ ಅದೇ. ನೀವು ಅವರಿಗೆ ಇಂಗ್ಲೆಂಡ್ ತೋರಿಸಲು ಹೊರಟಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ತೆಗೆದುಕೊಂಡ ನಿರ್ಧಾರ ಸರಿಯಾಗಿತ್ತು ಎಂದು ತೋರಿಸಲು ಹೊರಟಿದ್ದಿರಿ. ಅದಕ್ಕೇ ಬಿಸಿಲೂ ಬರಬೇಕಿತ್ತು, ಊಟವೂ ಚೆನ್ನಾಗಿರಬೇಕಿತ್ತು, ಅವರು ಪ್ರತಿಯೊಂದು ತಿರುವಿನಲ್ಲೂ ಬಾಯಿ ತೆರೆದು ನೋಡಬೇಕಿತ್ತು. ಅಷ್ಟು ಭಾರವನ್ನು ಯಾವ ಟ್ರಿಪ್ಪೂ ಹೊರಲಾರದು.

ನನಗೆ ಆ ಮಾತಿನಲ್ಲಿ ಬೇರೆಯದೇ ಕೇಳಿಸುತ್ತದೆ. ಹದಿನಾರು ಹದಿನೇಳು ವರ್ಷದ ಹುಡುಗನಾಗಿದ್ದಾಗಿನಿಂದ ನಿಮ್ಮನ್ನು ಬಲ್ಲ ಒಬ್ಬ ಮನುಷ್ಯ, ನೀವು ಅಷ್ಟು ದೂರದಲ್ಲಿ ಊರಿನವರಿಲ್ಲದೆ ಮಳೆಯಲ್ಲಿ ಇದ್ದೀರಿ ಎಂದು ಅಲ್ಲಿ ಮೊದಲ ಸಲ ಕಣ್ಣಾರೆ ಕಂಡು ಮರುಗಿದ ಹಾಗೆ. ನಾನು ಊಹಿಸುತ್ತಿರುವುದು ತಪ್ಪಿರಬಹುದು. ಆದರೆ ಅವರನ್ನೇ ಕೇಳಬಹುದಲ್ಲ.

ಗೋಡೆಯ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪರ. ಹಾರ್ಡ್‌ನಾಟ್‌ನಲ್ಲಿ ರಸ್ತೆ ಕೆಲವು ಕಡೆ ಮೂರಕ್ಕೆ ಒಂದರಷ್ಟು ಕಡಿದು, ಅಂದರೆ ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಏರು. ಒಂದೇ ಗಾಡಿ ಹೋಗುವಷ್ಟು ಅಗಲ. ಕೆಳಗಿನ ಕಣಿವೆಗೆ ಇಳಿದರೆ ಎರಡೂ ಬದಿಗೆ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಗೋಡೆ, ತಿರುವಿನಾಚೆ ಏನು ಬರುತ್ತಿದೆ ಎಂದೇ ಕಾಣುವುದಿಲ್ಲ. ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ಅಲ್ಲಿಯೂ ನಿಯಮ, ನಮ್ಮ ಘಾಟಿಗಳಲ್ಲೂ ಅದೇ. ನೀವು ಇಳಿಯುತ್ತಿದ್ದಿರಿ, ನಿಯಮದಂತೆ ಹಿಂದಕ್ಕೆ ಹೋದಿರಿ, ಮಳೆಯಲ್ಲಿ, ಏರಿಗೆ ರಿವರ್ಸ್. ದಿನಗಟ್ಟಲೆ ಒಬ್ಬರೇ ಗಾಡಿ ಓಡಿಸಿ ಸುಸ್ತಾಗಿದ್ದವರು. ಪಕ್ಕದಲ್ಲಿ ಕೂತವರು ಆಗ ಇಳಿದು ಹಿಂದೆ ನಿಂತು ದಾರಿ ತೋರಿಸಬೇಕಿತ್ತು. ಅವರು ನಕ್ಕರು. ಅದು ತಪ್ಪು. ಅದನ್ನು ನೀವು ಅವರಿಗೆ ನೇರವಾಗಿ ಹೇಳಲೇಬೇಕು.

ಆದರೆ ನೀವು ಕೂಗಿದ ಮಾತು ಅದಕ್ಕಿಂತ ದೊಡ್ಡದು. ಅವರು ನಿಮ್ಮ ಡ್ರೈವಿಂಗ್ ಬಗ್ಗೆ ತಮಾಷೆ ಮಾಡಿದರು, ನೀವು ಅವರು ಬಂದದ್ದೇ ತಪ್ಪು ಎಂದಿರಿ. ಪತ್ರವನ್ನು ಮತ್ತೆ ಮತ್ತೆ ಓದಿದೆ, ಕ್ಷಮೆ ಕೇಳಿದೆ ಎಂದು ಎಲ್ಲೂ ಬರೆದಿಲ್ಲ. ರೆಡಿಂಗ್ ತನಕ ಐದು ಗಂಟೆಯ ಮೇಲೆ ದಾರಿ, ಅಲ್ಲೂ ಕೇಳಲಿಲ್ಲ, ವಿಮಾನ ಹತ್ತಿಸುವಾಗಲೂ ಕೇಳಲಿಲ್ಲ. ಅದಾದ ಮೇಲೆ ಆ ಮನುಷ್ಯ ಏನು ಮಾಡುತ್ತಿದ್ದಾರೆ ನೋಡಿ. ನಿಮ್ಮಿಬ್ಬರಿಗೂ ಗೊತ್ತಿರುವ ಎಲ್ಲರ ಮುಂದೆ ಆ ಟ್ರಿಪ್ ಮರೆಯಲ್ಲ ಎಂದು ಹೇಳುತ್ತಿದ್ದಾರೆ. ಕೋಟೆ, ಮಳೆ, ಗೋಡೆ ಎಲ್ಲ ಹೇಳುತ್ತಾರೆ, ನೀವು ಕೂಗಿದ್ದನ್ನು ಮಾತ್ರ ಹೇಳಿಲ್ಲ. ನೀವು ಅದನ್ನು ಯಾವಾಗ ಹೇಳುತ್ತಾರೋ ಎಂಬ ಭಯದಲ್ಲಿ ಬರೆದಿದ್ದೀರಿ. ಇಷ್ಟು ದಿನ ಹೇಳದವರು ಇನ್ನು ಹೇಳುವುದಿಲ್ಲ. ಅವರು ನಿಮ್ಮ ಮರ್ಯಾದೆ ಕಾಯುತ್ತಿದ್ದಾರೆ.

ಹಣ ಕೇಳಬೇಡಿ. ಕಾರು ನಿಮ್ಮದು, ಓಡಿಸಿದ್ದು ನೀವು, ವಿಮೆ ಬೇಡ ಎಂದಿದ್ದೂ ನೀವು. ಅವರು ಟಿಕೆಟ್ಟಿಗೆ, ವೀಸಾಕ್ಕೆ ಖರ್ಚು ಮಾಡಿ ಬಂದವರು. ಮನೆಗೆ ಕರೆದವರಿಂದ ತಿಂಗಳುಗಳ ನಂತರ ಬಿಲ್ ಬಂದರೆ ಯಾವ ಸ್ನೇಹವೂ ತಡೆಯುವುದಿಲ್ಲ. ಮುಂದಿನ ಸಲ ಯಾರ ಜೊತೆ ಹೋದರೂ ಪೆಟ್ರೋಲು, ರೂಮು ಯಾರು ಕೊಡುವುದು ಎಂದು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಇನ್ನೊಬ್ಬರಿಗೂ ಓಡಿಸಲು ಬರುತ್ತದೆ ಎಂದರೆ ಅವರನ್ನೂ ವಿಮೆಗೆ ಸೇರಿಸಿ. ಭಾರತದ ಲೈಸೆನ್ಸ್ ಇಟ್ಟುಕೊಂಡು ಬಂದವರು ಅಲ್ಲಿ 12 ತಿಂಗಳ ತನಕ ಕಾರು ಓಡಿಸಬಹುದು, ಮತ್ತೆ ನಮ್ಮ ಹಾಗೇ ಎಡಗಡೆ.

ಈಗ ಫೋನ್. ಮೆಸೇಜ್ ಬೇಡ, ಗುಂಪಿನಲ್ಲಂತೂ ಬೇಡವೇ ಬೇಡ. ಬರುವ ಭಾನುವಾರ ನಿಮ್ಮ ತಿಂಡಿ ಆದ ಮೇಲೆ ಮಾಡಿ, ಅವರಿಗೆ ಆಗ ಊಟ ಮುಗಿದ ಹೊತ್ತು. ಮೊದಲು ಕ್ಷಮೆ ಕೇಳಿ, ಯಾವ ವಿವರಣೆಯನ್ನೂ ಸೇರಿಸದೆ. "ಆವತ್ತು ಹಾಗೆ ಕೂಗಬಾರದಿತ್ತು ಕಣೋ, ನೀನು ಬಂದಿದ್ದು ನಂಗೆ ತುಂಬಾ ಬೇಕಿತ್ತು." ಅಷ್ಟು ಸಾಕು. ಮಳೆ ಇತ್ತು, ಸುಸ್ತಾಗಿತ್ತು ಎಂದೆಲ್ಲ ಶುರು ಮಾಡಿದರೆ ಅದು ಕ್ಷಮೆ ಆಗುವುದಿಲ್ಲ. ಅವರು ಉತ್ತರ ಕೊಟ್ಟ ಮೇಲೆ ನಿಮ್ಮದನ್ನು ಹೇಳಿ. "ಗೋಡೆ ಕಥೆ ಹೇಳಿ ಎಲ್ಲರೂ ನಗುವಾಗ ನಂಗೆ ಬೇಜಾರಾಗುತ್ತೆ. ಆವತ್ತು ನಿಜವಾಗ್ಲೂ ಹೆದರಿದ್ದೆ." ಹೆದರಿದ್ದೆ ಎಂದು ಹೇಳಲು ಗಂಡಸರಿಗೆ ಕಷ್ಟ, ಗೊತ್ತು. ಆದರೂ ಹೇಳಿ, ಅವರಿಗೆ ಅದು ಗೊತ್ತೇ ಇಲ್ಲ. "ಅಯ್ಯೋ ಬಿಡೋ ಮಾರಾಯ" ಎಂದು ತೇಲಿಸಲು ನೋಡಿದರೆ ನೀವು ಬಿಡಬೇಡಿ, ಇನ್ನೊಂದು ಸಲ ಹೇಳಿ. ಆಮೇಲೆ ಕೋಟೆಯಲ್ಲಿ ಹೇಳಿದ ಮಾತಿನ ಬಗ್ಗೆ ಕೇಳಿ. ಇಷ್ಟು ಹೇಳಿದ ಮೇಲೂ ಅವರು ಗುಂಪಿನಲ್ಲಿ ಅದೇ ಕಥೆ ಎತ್ತಿದರೆ ಆಗ ನೀವು ಬೇಜಾರಾಗುವುದಕ್ಕೆ ಅರ್ಥವಿದೆ. ಆಗ ನನಗೆ ಮತ್ತೆ ಬರೆಯಿರಿ.

ಡಿಸೆಂಬರ್ ಅಂದರೆ ಅಡಿಕೆ ಕೊಯ್ಲಿನ ಹೊತ್ತು. ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ನಿಮ್ಮನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲಿ ಎಂದು ಕಾಯಬೇಡಿ, ಅವರು ಹೊರಟರೂ ನೀವೇ ಬೇಡ ಎನ್ನಿ. ರಾತ್ರಿ ಸುಲಿಯುವವರ ಜೊತೆ ಕೂತರೆ ಮಾತಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಮನೆಯವರೂ ಜೊತೆಗೆ ಬರುವುದಾದರೆ, ಮೊದಲ ಎರಡು ದಿನ ನೀವೊಬ್ಬರೇ ಹೋಗಿ, ಅವರು ಆಮೇಲೆ ಬರಲಿ.