ಬಲ್ಬ್ ಎಲ್ಲಿ ಹಾಕೋಣ ಅಂತ ಕೇಳುವವರು ಯಾರು?

ಪತ್ರ: "ಹಳ್ಳದ ನೀರಿನಿಂದ ಕರೆಂಟ್ ಮಾಡಿಕೊಂಡ ಮಲೆನಾಡಿನ ಮನೆಗಳ ಬಗ್ಗೆ, ಸೋಲಾರ್ ದೀಪಕ್ಕೆ ದುಡ್ಡು ಕೂಡಿಸುವ ಮಹಿಳಾ ಸಂಘಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಈಗ ಎಲ್ಲ ಮನೆಗೂ ಲೈನ್ ಬಂದಿದೆ. ಗೃಹಜ್ಯೋತಿಯಿಂದ 200 ಯೂನಿಟ್‌ವರೆಗೆ ಬಿಲ್ಲೂ ಇಲ್ಲ. ಇನ್ನೂ ಈ ಸಂಘ, ಸಭೆ, ವಂತಿಗೆ ಯಾಕೆ? ಸರ್ಕಾರದ ಕೆಲಸ ಸರ್ಕಾರವೇ ಮಾಡಲಿ. ನಮ್ಮೂರ ಶಾಲೆಯ ಸೋಲಾರ್ ದೀಪಗಳು ಕೆಟ್ಟು ಕೂತಿವೆ, ಕೇಳುವವರಿಲ್ಲ."
— ನಿವೃತ್ತ ಶಿಕ್ಷಕರು, ಸಾಗರ ತಾಲೂಕು

ಉತ್ತರ: ಮೇಷ್ಟ್ರೇ, ಒಂದು ಮಾತು ಮೊದಲೇ ಒಪ್ಪುತ್ತೇನೆ. ಊರೂರಿಗೆ ಕಂಬ ನೆಡುವುದು, ಸಬ್‌ಸ್ಟೇಷನ್ ಕಟ್ಟುವುದು ಸಣ್ಣ ಸಂಘಗಳ ಕೈಲಾಗುವ ಕೆಲಸವಲ್ಲ. ಹಿಟ್ಟಿನ ಗಿರಣಿ ಓಡಬೇಕಾದರೆ ದೊಡ್ಡ ಲೈನೇ ಬೇಕು. ಆದರೆ "ಎಲ್ಲ ಮನೆಗೂ ಬಂದಿದೆ" ಅಂದಿರಲ್ಲ, ಅಲ್ಲೇ ನನ್ನ ತಕರಾರು.

2004ರಿಂದ ಲೆಕ್ಕ ಹೇಗಿತ್ತು ನೋಡಿ. ಊರಿಗೆ ಟ್ರಾನ್ಸ್‌ಫಾರ್ಮರ್ ಬಂದು, ಶಾಲೆ, ಪಂಚಾಯಿತಿಯಲ್ಲಿ ದೀಪ ಹತ್ತಿ, ನೂರರಲ್ಲಿ ಹತ್ತು ಮನೆಗೆ ಕರೆಂಟ್ ಸಿಕ್ಕರೆ ಸಾಕು. ಉಳಿದ ತೊಂಬತ್ತು ಮನೆ ಕತ್ತಲಲ್ಲಿದ್ದರೂ ಕಡತದಲ್ಲಿ ಊರು ಬೆಳಗಿತು! 2018ರ ಏಪ್ರಿಲ್‌ನಲ್ಲಿ ಮಣಿಪುರದ ಲೈಸಾಂಗ್‌ಗೆ ಕರೆಂಟ್ ಕೊಟ್ಟು ದೇಶದ ಎಲ್ಲ ಹಳ್ಳಿಗೂ ಬೆಳಕಾಯಿತು ಅಂದಿದ್ದು ಇದೇ ಲೆಕ್ಕದ ಮೇಲೆ. ಮನೆಮನೆಯನ್ನೂ ಎಣಿಸುವ ಸೌಭಾಗ್ಯ ಯೋಜನೆ ಬಂದಿದ್ದು 2017ರಲ್ಲಿ.

ಇದನ್ನೆಲ್ಲ ಸಾಗರದವರಿಗೆ ನಾನು ಹೇಳಬೇಕೇ? ಜೋಗದಲ್ಲಿ 1948ರಲ್ಲೇ ಕರೆಂಟ್ ಹುಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದಕ್ಕಾಗಿ ಗದ್ದೆ, ಮನೆ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ಹಿನ್ನೀರಿನ ದಡದಲ್ಲಿ ಬುಡ್ಡಿ ದೀಪ ಹಚ್ಚಿಕೊಂಡೇ ವರ್ಷಗಟ್ಟಲೆ ಕೂತವು. ಅವರನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೇ.

ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಒಂದೇ ಬಲ್ಬಿನ ಭಾಗ್ಯಜ್ಯೋತಿ ಯೋಜನೆಯ ಕಾಲದಿಂದಲೂ ಆ ಬಲ್ಬು ಜಾಸ್ತಿ ಮನೆಗಳಲ್ಲಿ ಜಗಲಿಗೋ ನಡುಮನೆಗೋ ಹೋಯಿತು. ಸೋಲಾರ್ ಹಾಕಿಸಲು ಹೊರಟ ಒಂದು ಮಹಿಳಾ ಸಂಘದ ಸಭೆಯಲ್ಲಿ ನಾನೂ ಕೂತಿದ್ದೆ. ಎರಡು ದೀಪದಲ್ಲಿ ಒಂದನ್ನು ಎಲ್ಲಿ ಹಾಕೋಣ ಅನ್ನುವ ಮಾತು ಬಂತು. ವಯಸ್ಸಾದ ಅಮ್ಮ ಒಬ್ಬರು ತಕ್ಷಣ ಹೇಳಿದರು: "ಒಲೆ ಹತ್ರ ಹಾಕಿ. ಸಾರಿಗೆ ಏನು ಬಿತ್ತು ಅಂತ ಕಾಣ್ಬೇಕಲ್ಲ." ಯಾವ ಗುತ್ತಿಗೆದಾರ ಇದನ್ನು ಕೇಳಿಯಾನು?

ಹಳ್ಳದ ಕರೆಂಟನ್ನೂ ಹಗುರವಾಗಿ ನೋಡಬೇಡಿ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್ ಸಿಗುತ್ತದೆ. ನಾಲ್ಕಾರು ಎಲ್‌ಇಡಿ, ಒಂದು ಟಿವಿ, ಮಿಕ್ಸಿಗೆ ಧಾರಾಳ ಆಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಿಕ್ಕ ಕರೆಂಟನ್ನು ಕಂಟ್ರೋಲರ್ ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುತ್ತದೆ, ಬೆಳಗ್ಗೆ ಬಚ್ಚಲಲ್ಲಿ ಬಿಸಿನೀರು. ಬೇಸಿಗೆಯಲ್ಲಿ ಹಳ್ಳ ಒಣಗುತ್ತದೆ, ನಿಜ. ಆದರೆ ಆಷಾಢದಲ್ಲಿ ಮರ ಬಿದ್ದು ದೊಡ್ಡ ಲೈನ್ ದಿನಗಟ್ಟಲೆ ಹೋದಾಗಲೇ ಹಳ್ಳ ತುಂಬಿ ಹರಿಯುತ್ತಿರುತ್ತದೆ ಅಲ್ವಾ? ಆಗ ಬೇಕಾಗುವುದು ಪೈಪಿನ ಬಾಯಿಯ ಜಾಲರಿಗೆ ಕಟ್ಟಿಕೊಂಡ ದರಕು ತೆಗೆಯುವ ಒಬ್ಬ ಮನುಷ್ಯ. ಇವತ್ತು ಯಾರ ಸರದಿ ಅಂತ ಸಭೆ ಮಾಡಿಕೊಂಡ ಮನೆಗಳಲ್ಲಿ ದೀಪ ಉರಿಯುತ್ತದೆ.

ಸಂಘ ಅಂದರೆ ಸಣ್ಣದು ಅಂತಲೂ ತಿಳಿಯಬೇಡಿ. 1930ರ ದಶಕದ ಅಮೆರಿಕದಲ್ಲಿ ಹತ್ತು ಹೊಲಮನೆಗಳಲ್ಲಿ ಒಂದಕ್ಕಷ್ಟೇ ಕರೆಂಟ್ ಇತ್ತು. ಹಳ್ಳಿಗೆ ತಂತಿ ಎಳೆದರೆ ಲಾಭ ಹುಟ್ಟುವುದಿಲ್ಲ ಅಂತ ಕಂಪನಿಗಳು ದೂರ ನಿಂತವು. ರೈತರೇ ಮನೆಮನೆಗೆ ನಡೆದು ಐದೈದು ಡಾಲರ್ ಸದಸ್ಯ ಶುಲ್ಕ ಎತ್ತಿ, ಸರ್ಕಾರದಿಂದ ಸಾಲ ತಂದು ಸಹಕಾರಿ ಸಂಘ ಕಟ್ಟಿದರು. ಅದೇ ಅನುಭವ 1969ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಗೂ ಬಂತು. ದೇಶದಲ್ಲಿ ಪ್ರಯೋಗಕ್ಕೆ ಆರಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಇವತ್ತಿಗೂ ಅದು ಕರೆಂಟ್ ಕೊಂಡು ತಾಲೂಕಿಗೆ ಹಂಚುತ್ತದೆ. ಚುನಾವಣೆ, ರಾಜಕೀಯ ಎಲ್ಲ ಅಲ್ಲೂ ಉಂಟು. ಇರಲಿ. ಕರೆಂಟ್ ಹಂಚುವವರನ್ನು ವೋಟು ಹಾಕಿ ಆರಿಸುವ ಹಕ್ಕು ಈ ರಾಜ್ಯದಲ್ಲಿ ಮತ್ತೆ ಯಾರಿಗಿದೆ?

ದುಡ್ಡಿನ ವಿಷಯವೂ ಅಷ್ಟೇ. 1995ರಲ್ಲಿ ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಶುರುಮಾಡಿದವರಲ್ಲಿ ಒಬ್ಬರಾದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಒಂದು ಮಾತು ಹೇಳುತ್ತಿರುತ್ತಾರೆ. ಬೀದಿ ವ್ಯಾಪಾರಿಗೆ ತಿಂಗಳಿಗೆ ಮುನ್ನೂರು ರೂಪಾಯಿ ಭಾರ, ದಿನಕ್ಕೆ ಹತ್ತು ಕಟ್ಟುವುದು ಸುಲಭ. ಸುಮ್ನೆ ಆಫೀಸಿನಲ್ಲಿ ಕೂತವರಿಗೆ ಇದು ಹೊಳೆಯುವುದಿಲ್ಲ. ವಾರವಾರ ಜಮಖಾನೆ ಮೇಲೆ ಕೂತು ಉಳಿತಾಯದ ಲೆಕ್ಕ ಬರೆಯುವ ಹೆಂಗಸರಿಗೆ ಹೊಳೆಯುತ್ತದೆ.

ನಮ್ಮಲ್ಲಿ ಕುಡಿಯುವ ನೀರಿನ ಘಟಕ, ಶಾಲೆಯ ಶೌಚಾಲಯ, ಬೀದಿಯ ಸೋಲಾರ್ ದೀಪ, ಎಲ್ಲದರದ್ದೂ ಇದೇ ಕಥೆ. ಉದ್ಘಾಟನೆಗೆ ಶಾಮಿಯಾನ, ಆಮೇಲೆ ರಿಪೇರಿಗೆ ಯಾರೂ ಇಲ್ಲ. ಕೊಡುವಾಗ ಊರವರನ್ನು ಸಾಲಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಬೀಗದ ಕೈ ಮಾತ್ರ ಅವರಿಗೆ ಕೊಡುವುದಿಲ್ಲ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನಿಮ್ಮ ಪತ್ರದ ಕೊನೇ ಸಾಲೇ ಉತ್ತರ. ಅಲ್ಲಿ ಸರ್ಕಾರದ ಕೆಲಸ ಮುಗಿದಿದೆ, ದೀಪ ಹತ್ತುತ್ತಿಲ್ಲ. ಬ್ಯಾಟರಿಗೆ ನೀರು ಹಾಕುವ ಮಾದರಿಯಾದರೆ ಮೊದಲು ತಿಳಿದವರಿಂದ ಮುಚ್ಚಳ ತೆಗೆಸಿ ನೋಡಿ. ಡಿಸ್ಟಿಲ್ಡ್ ವಾಟರ್ ಒಣಗಿರಬಹುದು. ಬ್ಯಾಟರಿಯೇ ಹೋಗಿದ್ದರೆ ಪಾಲಕರ ಸಭೆ ಕರೆಯಿರಿ. ತಿಂಗಳಿಗೆ ಎಷ್ಟು ಹಾಕುತ್ತಾರೆ ಅಂತ ಅವರನ್ನೇ ಕೇಳಿ, ಲೆಕ್ಕದ ಪುಸ್ತಕ ನೀವೇ ಇಟ್ಟುಕೊಳ್ಳಿ. ನಿಮ್ಮ ಮಾತನ್ನು ಊರು ಕೇಳುತ್ತದೆ. ಏನಾಯಿತು ಅಂತ ಬರೆಯಿರಿ, ಅಚ್ಚು ಹಾಕುತ್ತೇವೆ.